ಡೈ ಪೆನೆಟ್ರಂಟ್ ಕಿಟ್: ನನ್ನ ಕಣ್ಣು ಹೇಳಿದ ಸುಳ್ಳು

ನಾನೇ ಕಟ್ಟಿದ ಎರಡು ಸೀಟಿನ ವಿಮಾನದ ಬಾಲದಲ್ಲಿ ಎಡಬಲಕ್ಕೆ ತಿರುಗುವ ಫಲಕವಾದ ರಡರ್‌ನಲ್ಲಿ ಒಂದು ಬಿರುಕು. ತಗಡಿಗೆ ಬಿಗಿ ಕೊಡುವ ಪಟ್ಟಿಯ (ಸ್ಟಿಫ್ನರ್) ಕೊನೇ ರಿವೆಟ್ ಪಕ್ಕದಿಂದ ಹೊರಟು ಬೆರಳಿನ ಅಗಲದಷ್ಟು ಹೋಗಿತ್ತು. ಅದು ಮುಗಿದಂತೆ ಕಂಡ ಜಾಗದಲ್ಲಿ 3 ಮಿ.ಮೀ. ತೂತು ಕೊರೆದು ಸುಮ್ಮನಾದೆ. ಸ್ಟಾಪ್ ಡ್ರಿಲ್ ಅಂತಾರಲ್ಲ, ಅದೇ. ಬಿರುಕಿನ ತುದಿ ಬಲು ಚೂಪು, ಎಳೆತವೆಲ್ಲ ಅಲ್ಲಿಗೇ ಬಂದು ಸೇರುತ್ತದೆ. ತುದಿಗೊಂದು ದುಂಡು ತೂತು ಬಿದ್ದರೆ ಎಳೆತ ಅದರ ಸುತ್ತ ಹಂಚಿಹೋಗುತ್ತದೆ, ಬಿರುಕು ಸದ್ಯಕ್ಕೆ ನಿಲ್ಲುತ್ತದೆ.

20 ಗಂಟೆ ಹಾರಿಸಿ ಬಂದು ನೋಡಿದರೆ ತೂತಿನ ಆಚೆ ಕಡೆ ಗೆರೆ ಕಾಣುತ್ತಿತ್ತು. ನಾನು ಕೊರೆದದ್ದು ತುದಿಗಲ್ಲ, ಬಿರುಕಿನ ನಡುವಿಗೆ! ಆಮೇಲೆ ತಂದದ್ದು, ಕಣ್ಣಿಗೆ ಕಾಣದ ಬಿರುಕನ್ನು ಬಣ್ಣದಿಂದ ತೋರಿಸುವ ಈ ಕಿಟ್.

ಮೂರು ಸ್ಪ್ರೇ ಡಬ್ಬಿ: ಕ್ಲೀನರ್, ಕೆಂಪು ಪೆನೆಟ್ರಂಟ್, ಬಿಳಿ ಡೆವಲಪರ್. ಕೆಂಪು ದ್ರವ ಬಿರುಕಿನೊಳಗೆ ತಾನೇ ಇಳಿಯುತ್ತದೆ. ಮೇಲಿನದ್ದನ್ನು ಒರೆಸಿ ಡೆವಲಪರ್ ಹೊಡೆದರೆ, ಆ ಬಿಳಿ ಪುಡಿ ಒಳಗಿನ ಕೆಂಪನ್ನು ಹೀರಿಕೊಂಡು ಮೇಲೆ ತರುತ್ತದೆ. ಇಷ್ಟೇ ಕತೆ.

ಆದರೆ ಮೊದಲ ಸಲ ನಾನೇ ಕೆಡಿಸಿದೆ. ಪೆನೆಟ್ರಂಟ್ ಒರೆಸುವಾಗ ಕ್ಲೀನರನ್ನು ನೇರವಾಗಿ ತಗಡಿನ ಮೇಲೇ ಹೊಡೆದೆ. ಬಿರುಕಿನೊಳಗಿನ ಕೆಂಪೂ ತೊಳೆದು ಹೋಯಿತು. ಡೆವಲಪರ್ ಹೊಡೆದರೆ ಬರೀ ಬಿಳಿ ಗೋಡೆ. 'ಬಟ್ಟೆಗೆ ಕ್ಲೀನರ್ ತಾಗಿಸಿ ಒರೆಸಿ' ಅಂತ ಡಬ್ಬಿ ಮೇಲೆ ಬರೆದಿದ್ದಾರೆ, ನಿಜ. ಅದನ್ನು ಓದಲು ಬಿರುಕು ಹುಡುಕುವ ಭೂತಗನ್ನಡಿಯೇ ಬೇಕಾಯಿತು!

ಎರಡನೇ ಸಲ ಸರಿಯಾಗಿ ಮಾಡಿದೆ. ಬಣ್ಣವನ್ನು ಸ್ಟ್ರಿಪ್ಪರ್ ಹಾಕಿ ತೆಗೆದೆ. ಉಪ್ಪುಕಾಗದ ಬೇಡ. ಅಲ್ಯೂಮಿನಿಯಂ ಮೆದು, ಉಜ್ಜಿದರೆ ಬಿರುಕಿನ ಬಾಯಿಯ ಮೇಲೇ ಲೋಹ ಸವರಿಕೊಂಡು ಮುಚ್ಚಿಬಿಡುತ್ತದೆ. ಪೆನೆಟ್ರಂಟ್ ಹೊಡೆದು 20 ನಿಮಿಷ ಬಿಟ್ಟೆ. ಒಣ ಬಟ್ಟೆಯಿಂದ ಒರೆಸಿ, ಕ್ಲೀನರ್ ತಾಗಿಸಿದ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ, ಡೆವಲಪರನ್ನು ತೆಳ್ಳಗೆ ಹೊಡೆದು ಟಾರ್ಚ್ ಹಿಡಿದು ಕೂತೆ.

ಮೊದಲು ರಿವೆಟ್ ತಲೆ ಸುತ್ತ ಕೆಂಪು ಉಂಗುರ ಮೂಡಿತು. ಎದೆ ಧಸಕ್ ಎಂದಿತು. ಅದು ಬಿರುಕಲ್ಲ, ರಿವೆಟ್ ಅಡಿಯಲ್ಲಿ ಸಿಕ್ಕಿಕೊಂಡ ದ್ರವ ಹೊರಬರುವುದು. ಎರಡು ತಗಡು ಒಂದರ ಮೇಲೊಂದು ಕೂತಿರುವ ಅಂಚಿನಲ್ಲೂ ಹೀಗೇ ಆಗುತ್ತದೆ. ನಿಜವಾದ ಬಿರುಕು ಬೇರೆ ಥರ: ಕೂದಲಿನಷ್ಟು ಸಣ್ಣ ಗೆರೆ, ನಿಧಾನಕ್ಕೆ ದಪ್ಪವಾಗುತ್ತದೆ. ನನ್ನದು ಕಣ್ಣಿಗೆ ಕಂಡ ತುದಿಯಿಂದ 4 ಮಿ.ಮೀ. ಮುಂದೆ ಹೋಗಿ ನಿಂತಿತು. ಈ ಸಲದ ತೂತು ಅಲ್ಲಿ ಬಿತ್ತು. ಅಂಚಿನ ಚೂರುಗಳನ್ನೂ ಕೆರೆದು ತೆಗೆದೆ, ಇಲ್ಲದಿದ್ದರೆ ಅಲ್ಲಿಂದಲೇ ಹೊಸ ಬಿರುಕು ಹುಟ್ಟಬಹುದು.

ಡೆವಲಪರ್ ಡಬ್ಬಿಯ ಮೇಲೆ ನನಗೆ ಸಿಟ್ಟಿದೆ. ಪುಡಿ ತಳಕ್ಕೆ ಕೂತುಬಿಡುತ್ತದೆ, ಒಳಗಿನ ಗೋಲಿ ಗಡಗಡ ಅನ್ನುವವರೆಗೆ ಅಲ್ಲಾಡಿಸಬೇಕು. ಆದರೂ ಮೂತಿ ಎರಡು ಸಲ ಕಟ್ಟಿಕೊಂಡು ಒಂದು ದಪ್ಪ ಮುದ್ದೆ ಉಗುಳಿತು. ಡೆವಲಪರ್ ದಪ್ಪವಾದರೆ ಸಣ್ಣ ಗೆರೆ ಕೆಳಗೇ ಉಳಿದುಬಿಡುತ್ತದೆ, ಎಲ್ಲ ತೊಳೆದು ಮೊದಲಿಂದ ಶುರು. ಪೆನೆಟ್ರಂಟ್ ಬಗ್ಗೆ ಮಾತ್ರ ದೂರಿಲ್ಲ. ಕೈಗವಸು ಹಾಕಿಕೊಳ್ಳಿ ಅಷ್ಟೇ, ನನ್ನ ಉಗುರು ಎರಡು ದಿನ ಕೆಂಪಾಗಿತ್ತು.

ಮೇಲ್ಮೈಗೆ ಬಾಯಿ ತೆರೆದ ಬಿರುಕನ್ನು ಮಾತ್ರ ಇದು ತೋರಿಸುತ್ತದೆ. ಒಳಗೇ ಇರುವುದು, ಇನ್ನೊಂದು ತಗಡಿನ ಅಡಿಯಲ್ಲಿರುವುದು ಇದಕ್ಕೆ ಸಿಗುವುದಿಲ್ಲ. ಮರ, ಬಟ್ಟೆಯ ಭಾಗಗಳಿಗೆ ಇದರಿಂದ ಉಪಯೋಗವೂ ಇಲ್ಲ. ಎಂಜಿನ್ ಮೌಂಟ್‌ನ ಉಕ್ಕಿನ ಕೊಳವೆಗೂ ಹಾಕಿ ನೋಡಬಹುದು, ಆದರೆ ಅಲ್ಲಿ ನಾನು ಮ್ಯಾಗ್ನೆಟಿಕ್ ಪಾರ್ಟಿಕಲ್ ಪರೀಕ್ಷೆಯನ್ನೇ (ಉಕ್ಕನ್ನು ಕಾಂತವಾಗಿಸಿ ಕಬ್ಬಿಣದ ಪುಡಿಯಿಂದ ಬಿರುಕು ಹುಡುಕುವುದು) ಜಾಸ್ತಿ ನಂಬುತ್ತೇನೆ. ವೆಲ್ಡಿಂಗ್ ಮಾಡುವುದಿದ್ದರೆ ಪೆನೆಟ್ರಂಟ್ ಒಂದು ಹನಿಯೂ ಒಳಗೆ ಉಳಿಯಬಾರದು.

ಬರೀ ತೂತು ಕೊರೆದರೆ ರಿಪೇರಿ ಮುಗಿಯುವುದಿಲ್ಲ, ಅಲ್ವಾ. ವಿನ್ಯಾಸ ಮಾಡಿದವರನ್ನು ಕೇಳಿ, ರಡರ್‌ನದ್ದೇ ಥರದ 2024-ಟಿ3 ಅಲ್ಯೂಮಿನಿಯಂ ತಗಡಿನ ಡಬ್ಲರ್ (ಮೇಲೆ ಕೂರಿಸುವ ತೇಪೆ) ಕತ್ತರಿಸಿ, ಮೂಲೆಗಳನ್ನು ದುಂಡು ಮಾಡಿ ರಿವೆಟ್ ಹೊಡೆದೆ. ರಡರ್‌ನ ಹಿಂಭಾಗಕ್ಕೆ ಆ ಚೂರು ತೂಕ ಸೇರಿದ್ದರಿಂದ ಬ್ಯಾಲೆನ್ಸ್ ಮತ್ತೆ ನೋಡಬೇಕಾಯಿತು. ಬ್ಯಾಲೆನ್ಸ್ ತಪ್ಪಿ ಹಾರುವಾಗ ರಡರ್ ಬಡಿದಾಡಲು ಶುರುವಾದರೆ ಬಿರುಕೇ ವಾಸಿ ಅನ್ನಿಸುತ್ತದೆ.

5ರಲ್ಲಿ 4 ಕೊಡುತ್ತೇನೆ. ಒಂದು ಅಂಕ ಡೆವಲಪರ್ ಮೂತಿಗೆ ಹೋಯಿತು. ತರುವಾಗ ಕ್ಲೀನರ್ ಇನ್ನೊಂದು ಡಬ್ಬಿ ಜಾಸ್ತಿಯೇ ತನ್ನಿ. ಪೆನೆಟ್ರಂಟ್ ಇನ್ನೂ ಅರ್ಧ ಉಳಿದಿರುವಾಗಲೇ ನನ್ನ ಕ್ಲೀನರ್ ಖಾಲಿಯಾಯಿತು.