ವ್ಯಾಕ್ಸ್ ಬಟ್ಟೆ: ಡಚ್ಚೋ, ಘಾನಾದ್ದೋ, ಅಗ್ಗದ ಫ್ಯಾನ್ಸಿಯೋ?

ವ್ಯಾಕ್ಸ್ ಅಂದರೆ ಪಶ್ಚಿಮ ಆಫ್ರಿಕಾದವರು ಉಡುವ, ದಪ್ಪ ಚಿತ್ರಗಳ ಬಣ್ಣಬಣ್ಣದ ಹತ್ತಿ ಬಟ್ಟೆ. ಘಾನಾದ ರಾಜಧಾನಿ ಅಕ್ರಾದ ಮಕೋಲಾ ಮಾರ್ಕೆಟ್ಟಿನ ಬಟ್ಟೆ ಸಾಲಿನಲ್ಲಿ ದೂರದಿಂದ ನೋಡಿದರೆ ಎಲ್ಲ ಥಾನುಗಳೂ ಒಂದೇ. ಬೆಲೆ ಕೇಳಿದರೆ ಅಜಗಜಾಂತರ. ನಾನು ಮೂರು ಬಗೆಯನ್ನೂ ತಂದು ಹೊಲಿಸಿ, ಒಗೆದು ನೋಡಿದ್ದೇನೆ: ಹಾಲೆಂಡಿನ ಹೆಲ್ಮಂಡ್ ಊರಿನ ವ್ಲಿಸ್ಕೋ, ಘಾನಾದ ಟೆಮಾದಲ್ಲಿ ಅಚ್ಚಾಗುವ ಜಿಟಿಪಿ (ಘಾನಾ ಟೆಕ್ಸ್‌ಟೈಲ್ಸ್ ಪ್ರಿಂಟಿಂಗ್), ಮತ್ತೆ ‘ಫ್ಯಾನ್ಸಿ’ ಅಂತ ಮಾರುವ ಅಗ್ಗದ ಪ್ರಿಂಟು.

ಮೊದಲೆರಡು ನಿಜವಾದ ವ್ಯಾಕ್ಸ್. ಬಟ್ಟೆಯ ಎರಡೂ ಮೈಗೆ ಕಾಯಿಸಿದ ರಾಳದಿಂದ ಚಿತ್ರ ಒತ್ತಿ, ಆಮೇಲೆ ಬಣ್ಣಕ್ಕೆ ಅದ್ದುತ್ತಾರೆ. ರಾಳ ಬಿರುಕು ಬಿಟ್ಟಲ್ಲೆಲ್ಲ ಬಣ್ಣ ನುಗ್ಗಿ ಸಣ್ಣ ಸಣ್ಣ ಗೆರೆ ಮೂಡುತ್ತವೆ. ಹತ್ತೊಂಬತ್ತನೇ ಶತಮಾನದಲ್ಲಿ ಡಚ್ಚರು ಜಾವಾದ ಬಾಟಿಕ್ಕನ್ನು (ಕೈಯಲ್ಲಿ ಮೇಣ ಹಚ್ಚಿ ಬಣ್ಣ ಹಾಕುವ ಬಟ್ಟೆ) ಯಂತ್ರದಲ್ಲಿ ನಕಲು ಮಾಡಲು ಹೊರಟು ಹುಟ್ಟಿದ್ದು ಇದು. ಜಾವಾದವರಿಗೆ ಆ ಬಿರುಕು ಹಿಡಿಸಲಿಲ್ಲ. ಪಶ್ಚಿಮ ಆಫ್ರಿಕಾದವರಿಗೆ ಅದೇ ಇಷ್ಟವಾಯಿತು! ಫ್ಯಾನ್ಸಿಯಲ್ಲಿ ರಾಳವೂ ಇಲ್ಲ, ಬಿರುಕೂ ಇಲ್ಲ. ಬಿರುಕಿನ ಚಿತ್ರವನ್ನೇ ಒಂದು ಮೈಗೆ ಪ್ರಿಂಟ್ ಮಾಡಿರುತ್ತಾರೆ.

ಅಂಗಡಿಯಲ್ಲೇ ಕಂಡುಹಿಡಿಯಬಹುದು. ಒಂದು ಹೂವಿನ ಪಕ್ಕದ ಬಿರುಕುಗೆರೆ ನೋಡಿಕೊಳ್ಳಿ. ಅದೇ ಹೂವು ಮತ್ತೆ ಬರುವ ಕಡೆ ಹುಡುಕಿ. ಗೆರೆ ಡಿಟ್ಟೋ ಹಾಗೇ ಇದ್ದರೆ ಫ್ಯಾನ್ಸಿ. ವ್ಯಾಕ್ಸಿನಲ್ಲಿ ಒಂದು ಕಡೆ ಇದ್ದಂತೆ ಇನ್ನೊಂದು ಕಡೆ ಇರುವುದಿಲ್ಲ. ಬಟ್ಟೆ ಮಗುಚಿ ನೋಡಿದರೂ ಗೊತ್ತಾಗುತ್ತದೆ, ವ್ಯಾಕ್ಸಿನ ಹಿಂಬದಿ ಮುಂಭಾಗದಷ್ಟೇ ಗಾಢ. ಅಂಚಿನಲ್ಲಿ ಅಚ್ಚಾದ ಕಂಪನಿ ಹೆಸರನ್ನಷ್ಟೇ ನಂಬಬೇಡಿ, ಅದನ್ನೂ ನಕಲು ಮಾಡುವವರಿದ್ದಾರೆ.

ಇನ್ನು ಬಳಕೆ. ವ್ಲಿಸ್ಕೋ ಕೈಗೆ ನುಣುಪು, ಬಣ್ಣದ ಅಂಚು ಚೊಕ್ಕ. ಜಿಟಿಪಿ ಮೊದಮೊದಲು ಗಂಜಿ ಹಾಕಿದ ಪಂಚೆಯ ಹಾಗೆ ಬಿರುಸು, ಕೆಲವು ಒಗೆತ ಕಂಡ ಮೇಲೆ ಹದವಾಗುತ್ತದೆ. ರೇಟು ಮಾತ್ರ ವ್ಲಿಸ್ಕೋದಕ್ಕಿಂತ ಎಷ್ಟೋ ಕಮ್ಮಿ. (ಜಿಟಿಪಿಯೂ ವ್ಲಿಸ್ಕೋ ಗುಂಪಿನದೇ ಕಂಪನಿ, ಪೈಪೋಟಿ ಮನೆಯೊಳಗೇ!) ಮದುವೆಗೆ ಕಾಬಾ ಆಂಡ್ ಸ್ಲಿಟ್ (ಮೇಲಂಗಿ, ಉದ್ದ ಲಂಗದ ಜೋಡಿ) ಹೊಲಿಸುವ ಘಾನಾದ ಹೆಂಗಸರು ಡಚ್ ಬಟ್ಟೆಗೆ ದುಡ್ಡು ಸುರಿಯುವುದು ನನಗೆ ಅರ್ಥವಾಗುತ್ತದೆ. ದಿನಾ ಹಾಕುವ ಶರ್ಟು, ಕುರ್ತಾಗೆ ಜಿಟಿಪಿ ಧಾರಾಳ ಸಾಕು. ಸಾದಾ ಸೀರೆಯ ಮೇಲೆ ಇದರ ಬ್ಲೌಸ್ ಹಾಕಿ ನೋಡಿ, ನೂಲು ಗಟ್ಟಿ, ಫಿಟ್ಟಿಂಗ್ ಚೆನ್ನಾಗಿ ನಿಲ್ಲುತ್ತದೆ.

ಮನೆಗೆ ತರುವಾಗ ನನ್ನ ಲೆಕ್ಕ ಒಂದೇ: ಹಿಂಬದಿ ಕಾಣುತ್ತಾ ಇಲ್ವಾ? ದಿಂಬಿನ ಕವರಿಗೆ ಫ್ಯಾನ್ಸಿಯೇ ಸರಿ, ಒಳಮೈ ನೋಡುವವರು ಯಾರು? ಕಿಟಕಿ ಪರದೆ ಬೇರೆ ಮಾತು. ಫ್ಯಾನ್ಸಿ ಪರದೆ ಬೀದಿಯಿಂದ ಸುಮ್ನೆ ಬಿಳಿಚಿಕೊಂಡ ಬಟ್ಟೆಯಂತೆ ಕಾಣುತ್ತಿತ್ತು, ಬಿಸಿಲಿಗೆ ಬಣ್ಣವೂ ಬೇಗ ಹೋಯಿತು. ಅಲ್ಲಿ ಈಗ ಜಿಟಿಪಿಯ ‘ನ್ಸು ಬುರಾ’ ಇದೆ, ಬಾವಿ ನೀರಿನ ಅಲೆಯಂತೆ ಚುಕ್ಕಿಗಳು ಸುತ್ತು ಸುತ್ತು ಹರಡುವ ಹಳೆಯ ಡಿಸೈನು. ತಲೆಗೆ ಸುತ್ತುವ ಬಟ್ಟೆಗೂ, ಮೇಲ್ಹೊದಿಕೆಗೂ ವ್ಯಾಕ್ಸೇ ಆಗಬೇಕು.

ಯಾವುದೇ ಆಗಲಿ, ಡಿಸೈನು ದೊಡ್ಡದಿದ್ದರೆ ಬಟ್ಟೆ ಸ್ವಲ್ಪ ಜಾಸ್ತಿಯೇ ಕೊಳ್ಳಿ. ಕತ್ತರಿ ಹಾಕುವ ಮುಂಚೆ ಚಿತ್ರ ಎಲ್ಲಿ ಬರಬೇಕು ಅಂತ ಟೈಲರ್‌ಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ತೋರಿಸಿ.