ಒಂದು ಬೋರ್‌ವೆಲ್, ಎರಡು ಮನೆ, ಎರಡು ನೀರಿನ ಮೀಟರ್

ಬೋರ್‌ವೆಲ್ಲೂ ಟ್ಯಾಂಕೂ ನಮ್ಮ ಜಾಗದಲ್ಲಿವೆ. ಪಕ್ಕದ ಅಣ್ಣನ ಮನೆಗೂ ಅಲ್ಲಿಂದಲೇ ಪೈಪ್ ಹೋಗುತ್ತದೆ. ಮೋಟಾರಿನ ಕರೆಂಟ್ ಬಿಲ್ ಬಂತೆಂದರೆ ಸಾಕು, ಯಾರು ಜಾಸ್ತಿ ಬಳಸಿದರು ಅನ್ನೋ ಮಾತು ಶುರು. ಕೊನೆಗೆ ಟ್ಯಾಂಕಿನಿಂದ ಹೊರಡುವ ಎರಡೂ ಲೈನಿಗೆ ಮುಕ್ಕಾಲು ಇಂಚಿನ ಮಲ್ಟಿಜೆಟ್ (ಒಳಗಿನ ಚಕ್ರವನ್ನು ಹಲವು ಕಡೆಯಿಂದ ನೀರು ಬಡಿದು ತಿರುಗಿಸುವ ಬಗೆಯ) ಮೀಟರ್ ಹಾಕಿಸಿದೆವು. ಒಂದೇ ಮನೆಗೆ ಹಾಕಿಸಿ ಇನ್ನೊಂದನ್ನು ಅಂದಾಜಿಗೆ ಬಿಡಬೇಡಿ, ಜಗಳ ಅಲ್ಲಿಂದಲೇ ಮತ್ತೆ ಹುಟ್ಟುತ್ತದೆ.

ಓದೋದು ಸುಲಭ. ಕಪ್ಪು ಅಂಕಿಯಲ್ಲಿ ಒಂದು ಏರಿದರೆ 1000 ಲೀಟರ್. ಕೆಂಪಿನವು ಅದಕ್ಕಿಂತ ಕಡಿಮೆಯ ಲೆಕ್ಕ. 200 ಲೀಟರಿನ ಡ್ರಮ್ ತುಂಬಿಸಿ ನೋಡಿದೆವು, ಹೆಚ್ಚುಕಡಿಮೆ ಸರಿಯಾಗೇ ತೋರಿಸಿತು. ಈಗ ಎರಡು ರೀಡಿಂಗ್ ಬರೆದುಕೊಂಡು ಬಿಲ್ಲನ್ನು ಅದೇ ಲೆಕ್ಕದಲ್ಲಿ ಹಂಚುತ್ತೇವೆ.

ನನಗೆ ಇಷ್ಟವಾದದ್ದು ಮಾತ್ರ ಬೇರೆ. ಡಯಲ್ ಮೇಲೆ ಹಲ್ಲುಹಲ್ಲಿನ ಒಂದು ಪುಟ್ಟ ಚಕ್ರ ಇರುತ್ತದೆ. ಸಣ್ಣ ಹರಿವಿಗೂ ತಿರುಗುತ್ತದೆ. ಅಣ್ಣನ ಮನೆಯಲ್ಲಿ ಜನ ಕಡಿಮೆ, ರೀಡಿಂಗ್ ಮಾತ್ರ ಜಾಸ್ತಿ. ಅತ್ತಿಗೆ ರಾತ್ರಿ ನಲ್ಲಿಗಳನ್ನೆಲ್ಲ ಮುಚ್ಚಿ, ಟಾರ್ಚ್ ಹಿಡಿದು ಮೀಟರ್ ನೋಡಿದರು. ಚಕ್ರ ನಿಧಾನಕ್ಕೆ ತಿರುಗುತ್ತಲೇ ಇತ್ತು. ಹುಡುಕಿದರೆ ಬಚ್ಚಲಿನ ಫ್ಲಶ್ ಟ್ಯಾಂಕ್ ಸದ್ದಿಲ್ಲದೆ ಸೋರುತ್ತಿತ್ತು! ವಾಷರ್ ಬದಲಿಸಿದ ಮೇಲೆ ಎರಡೂ ಮನೆ ಲೆಕ್ಕ ಹತ್ತಿರ ಬಂತು.

ತೊಂದರೆಗಳೂ ಇವೆ. ಟ್ಯಾಂಕಿನಿಂದ ತಾನಾಗೇ ಇಳಿಯುವ ನೀರಿಗೆ ಮೀಟರ್ ಒಂದು ಅಡ್ಡಿಯೇ. ಅಣ್ಣನ ಮನೆ ಮಹಡಿಯಲ್ಲಿ ಶವರ್ ಮೊದಲಿನಷ್ಟು ಜೋರಿಲ್ಲ. ಬೋರ್ ನೀರಿನ ಮರಳು ಮೀಟರಿನ ಬಾಯಲ್ಲಿರುವ ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ಆಗಾಗ ಬಿಚ್ಚಿ ತೊಳೆಯಬೇಕು. ಅದಕ್ಕೇ ಹಿಂದೆ ಮುಂದೆ ಒಂದೊಂದು ವಾಲ್ವ್ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ಬಿಚ್ಚಿದಾಗಲೆಲ್ಲ ಮೈಯೆಲ್ಲ ನೀರು. ಗಾಜಿನ ಒಳಗೆ ಹಬೆ ಕಟ್ಟಿ ಅಂಕಿ ಮಸುಕಾಗೋದೂ ಇದೆ. ಪ್ಲಾಸ್ಟಿಕ್ ಬಾಡಿಯದು ಅಗ್ಗ, ಆದರೆ ನಟ್ ಜೋರಾಗಿ ಬಿಗಿದರೆ ಥ್ರೆಡ್ ಹಾಳಾಗುತ್ತದೆ. ನಾವು ಹಿತ್ತಾಳೆಯದೇ ತಗೊಂಡೆವು. ಬಾಣದ ಗುರುತು ನೀರು ಹೋಗುವ ಕಡೆಗೇ ಇರಲಿ, ಪ್ಲಂಬರ್ ಪಕ್ಕದಲ್ಲಿ ನಿಂತು ನೋಡಿ.

ಮೀಟರಿಗೆ ಐದಕ್ಕೆ ನಾಲ್ಕು ಅಂಕ ಕೊಡ್ತೀನಿ. ಇನ್ನು ಮೋಟಾರ್ ಸುಟ್ಟರೆ, ಪೈಪ್ ಒಡೆದರೆ ಆಗುವ ಖರ್ಚನ್ನು ರೀಡಿಂಗ್ ನೋಡದೆ ಅರ್ಧರ್ಧ ಹಾಕಿಕೊಳ್ಳೋಣ ಅಂತ ಅಣ್ಣನೇ ಹೇಳಿದ. ನಾನೂ ಒಪ್ಪಿದೆ.