ಸಾಫ್ಟ್‌ವೇರ್ ಕಳಿಸಲು ಯಾವ ಪೆನ್‌ಡ್ರೈವ್?

ಮಾಮೂಲಿ ಪೆನ್‌ಡ್ರೈವ್ ಅಗ್ಗ. ಆದರೆ ಅದರಲ್ಲಿರುವುದನ್ನು ಯಾರು ಬೇಕಾದರೂ ಅಳಿಸಬಹುದು, ಬದಲಿಸಬಹುದು. ವೈರಸ್ ಇರುವ ಒಂದೇ ಕಂಪ್ಯೂಟರಿಗೆ ಹಾಕಿದರೂ ಸಾಕು, ಅಂಟಿಕೊಳ್ಳಬಹುದು. 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ ಕೂಡ ಪೆನ್‌ಡ್ರೈವ್ ಮೂಲಕ ಹರಡಿತ್ತು, ಅಲ್ವಾ?

ರೈಟ್ ಪ್ರೊಟೆಕ್ಟ್ ಸ್ವಿಚ್ (ಹಾಕಿದರೆ ಡ್ರೈವ್‌ನಲ್ಲಿ ಏನನ್ನೂ ಬರೆಯಲು, ಅಳಿಸಲು ಬಿಡದ ಸ್ವಿಚ್) ಇರುವ ಡ್ರೈವ್ ಇದಕ್ಕಿಂತ ಮೇಲು. ಸ್ವಿಚ್ ಹಾಕಲು ಮರೆತರೆ ಮಾತ್ರ ಸುಮ್ನೆ ದಂಡ.

ಪಿನ್ ಒತ್ತಿ ತೆರೆಯುವ ಎನ್‌ಕ್ರಿಪ್ಟೆಡ್ ಡ್ರೈವ್, ಅಂದರೆ ಡೇಟಾವನ್ನು ಬೇರೆಯವರು ಓದಲಾಗದ ಗುಪ್ತ ರೂಪದಲ್ಲಿ ಇಡುವಂಥದ್ದು, ದುಬಾರಿ. ಗುಟ್ಟಾಗಿ ಇಡಬೇಕಾದ ಡೇಟಾ ಇದ್ದರೆ ಅದೇ ಸರಿ, ದಾರಿಯಲ್ಲಿ ಕಳೆದುಹೋದರೂ ಅಷ್ಟು ಭಯವಿಲ್ಲ. ಎಲ್ಲರಿಗೂ ಹಂಚುವ ಇನ್‌ಸ್ಟಾಲರಿಗೆ ಇಷ್ಟೆಲ್ಲ ಜಾಸ್ತಿಯಾಯಿತು. ಅದಕ್ಕೆ ನನ್ನ ಆಯ್ಕೆ ಸ್ವಿಚ್ ಡ್ರೈವ್, ಜೊತೆಗೆ ಫೈಲ್ ಕಳಿಸಿದವರದ್ದೇ ಎಂದು ಕಂಪ್ಯೂಟರಿನಲ್ಲಿ ಪರೀಕ್ಷಿಸಬಹುದಾದ ಡಿಜಿಟಲ್ ಸಹಿ. ಫೈಲಿನಲ್ಲಿ ಒಂದಕ್ಷರ ಬದಲಾದರೂ ಸಹಿ ತಾಳೆಯಾಗುವುದಿಲ್ಲ.

ಇನ್ನು ಲೇಬಲ್. ಸ್ಟಿಕ್ಕರ್ ಬದಲಿಸುವುದು ಸುಲಭ, ಆದರೆ ಕಿತ್ತು ಬರುತ್ತದೆ. ಲೇಸರ್ ಕೆತ್ತನೆ ಅಷ್ಟು ಬೇಗ ಅಳಿಯುವುದಿಲ್ಲ, ತಿದ್ದಲೂ ಆಗುವುದಿಲ್ಲ. ಎರಡನ್ನೂ ಬಳಸಿ: ಹೆಸರು, ಸೀರಿಯಲ್ ನಂಬರ್ ಕೆತ್ತಿಸಿ, ವರ್ಷನ್, ದಿನಾಂಕ ಸ್ಟಿಕ್ಕರ್ ಮೇಲೆ ಇರಲಿ. ಎಸ್‌ಎಚ್‌ಎ-256 ಹ್ಯಾಶ್ (ಫೈಲಿನಿಂದ ಲೆಕ್ಕ ಹಾಕಿ ತೆಗೆಯುವ, ಅದರ ಬೆರಳಚ್ಚಿನಂಥ ಸಂಕೇತ) ಅನ್ನು ಲೇಬಲ್ ಮೇಲೆ ಮಾತ್ರ ಹಾಕಿ ನೆಮ್ಮದಿಯಾಗಿರಬೇಡಿ. ಡ್ರೈವ್ ಬದಲಿಸುವವನಿಗೆ ಲೇಬಲ್ ಬದಲಿಸುವುದು ಕಷ್ಟವೇ? ಹ್ಯಾಶ್ ಅನ್ನು ಇಮೇಲ್‌ನಲ್ಲಿ ಬೇರೆಯಾಗಿ ಕಳಿಸಿ.